ಪುಣೆಯಲ್ಲಿ ಬಿಸಿನೀರಿನ ಟಬ್ಬು ಹುಡುಕುತ್ತ

ನನ್ನ ಜೀವನದಲ್ಲಿ ಮೊಟ್ಟಮೊದಲು ಹಾಟ್ ಟಬ್ಬಿನೊಳಗೆ ಕೂತದ್ದು ಪ್ಯಾಂಟು, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು. ಟಬ್ಬಿನಲ್ಲಿ ಒಂದು ಹನಿ ನೀರಿರಲಿಲ್ಲ. ಪುಣೆಯ ಬಾಣೇರ್ ರಸ್ತೆಯ ಒಂದು ಷೋರೂಮಿನ ಎರಡನೇ ಮಹಡಿ, ಶನಿವಾರ ಮಧ್ಯಾಹ್ನ. ‘ಶೂ ಬಿಚ್ಚಿಟ್ಟು ಒಳಗೆ ಕೂತು ನೋಡಿ ಸರ್, ಕೂರದೆ ಗೊತ್ತಾಗಲ್ಲ’ ಎಂದು ಸೇಲ್ಸ್ ಹುಡುಗ ಹಿಂದಿಯಲ್ಲಿ ಒತ್ತಾಯ ಮಾಡಿದ. ಕೂತೆ. ಬೆನ್ನಿಗೆ ತಣ್ಣನೆಯ ಅಕ್ರಿಲಿಕ್ಕು ತಾಗಿತು. ಅವನು ಒಂದು ಸ್ವಿಚ್ಚು ಒತ್ತಿದ. ಸುತ್ತ ನೀಲಿ, ಹಸಿರು, ನೇರಳೆ ದೀಪಗಳು ಹತ್ತಿಕೊಂಡವು. ‘ಈಗ ನೀರು ಇದೆ ಅಂತ ಅಂದುಕೊಳ್ಳಿ’ ಅಂದ. ನಾನು ಅಂದುಕೊಂಡೆ. ಹೆಂಡತಿ ಆಚೆ ನಿಂತು ಫೋಟೋ ತೆಗೆದಳು. ಆ ಫೋಟೋ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಈಗಲೂ ಆಗಾಗ ಎದ್ದು ಬರುತ್ತದೆ.

ಹಿಂಜವಡಿಯ ಕಂಪನಿಯಲ್ಲಿ ಕೆಲಸ, ಪಿಂಪಳೆ ಸೌದಾಗರ್‌ನಲ್ಲಿ ಸಾಲದ ಫ್ಲಾಟು, ಅದರ ಕಂತು ಇನ್ನೂ ಹನ್ನೊಂದು ವರ್ಷ ಬಾಕಿ. ಇಂಥವನಿಗೆ ಹಾಟ್ ಟಬ್ ಯಾಕೆ ಬೇಕಾಯಿತು ಎಂದು ನೀವು ಕೇಳಬಹುದು. ಸೊಸೈಟಿಯವರೂ ಕೇಳಿದರು. ಕಾರಣ ಅಪ್ಪ.

ಅಮ್ಮ ಹೋದ ಮೇಲೆ ಅಪ್ಪ ಸಾಗರದ ಕಡೆಯ ಮನೆಗೆ ಬೀಗ ಹಾಕಿ ನಮ್ಮ ಜೊತೆ ಬಂದು ಎರಡು ವರ್ಷವಾಯಿತು. ಎಪ್ಪತ್ತಾರು ವಯಸ್ಸು, ಎರಡೂ ಮಂಡಿ ಸವೆದಿವೆ. ದೂರು ಹೇಳುವ ಜಾತಿಯಲ್ಲ. ಊಟಕ್ಕೆ ಚಪಾತಿಯಾದರೂ ಆಯಿತು, ಟಿವಿಯಲ್ಲಿ ಮರಾಠಿಯಾದರೂ ಆಯಿತು. ಹೋದ ದೀಪಾವಳಿಗೆ, ನೀರು ತುಂಬುವ ಹಬ್ಬದ ಸಂಜೆ, ನಾನು ಆಫೀಸಿನಿಂದ ಬಂದು ಕೈಕಾಲು ತೊಳೆಯಲು ಬಾತ್‌ರೂಮಿಗೆ ಹೋದರೆ ನೀಲಿ ಪ್ಲಾಸ್ಟಿಕ್ ಬಕೆಟ್ಟಿಗೆ ಚೆಂಡುಹೂವಿನ ಎಳೆ ಸುತ್ತಿತ್ತು. ಅಪ್ಪನೇ ಸುತ್ತಿದ್ದು. ಊರಲ್ಲಾದರೆ ಆ ದಿನ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಜೇಡಿ ಕೆಮ್ಮಣ್ಣು ಬಳಿದು, ಕುತ್ತಿಗೆಗೆ ಬಳ್ಳಿ ಕಟ್ಟಿ ನೀರು ತುಂಬುತ್ತಾರೆ. ಬಕೆಟ್ಟಿಗೆ ಕುತ್ತಿಗೆ ಎಲ್ಲಿ? ಹೂವಿನ ಎಳೆ ಜಾರಿ ಜಾರಿ ನೆಲಕ್ಕೆ ಬೀಳುತ್ತಿತ್ತು. ಅಪ್ಪ ಅದಕ್ಕೊಂದು ರಬ್ಬರ್ ಬ್ಯಾಂಡು ಹಾಕಿದ್ದರು.

ಅದನ್ನು ನೋಡಿ ನನಗೆ ಏನು ಅರ್ಥವಾಗಬೇಕಿತ್ತೋ ಅದು ಆಗಲಿಲ್ಲ. ಅಪ್ಪನಿಗೆ ಸರಿಯಾದ ಬಿಸಿನೀರಿನ ಸ್ನಾನ ಸಿಗುತ್ತಿಲ್ಲ ಎಂದಷ್ಟೇ ಅರ್ಥವಾಯಿತು. ನಮ್ಮ ಗೀಸರು ಹದಿನೈದು ಲೀಟರಿನದು. ಫ್ಲಾಟಿಗೆ ಹೊಂದಿಕೊಂಡು ಒಂದು ಬಿಸಿಲು ಟೆರೇಸು ಬೇರೆ ಖಾಲಿ ಬಿದ್ದಿದೆ. ಅಲ್ಲೊಂದು ಟಬ್ಬು ಇಟ್ಟು, 38 ಡಿಗ್ರಿ ನೀರಿನಲ್ಲಿ ದಿನಾ ಅಪ್ಪನನ್ನು ಕೂರಿಸಿಬಿಟ್ಟರೆ ಮಂಡಿಗೂ ಹಿತ, ಮನಸ್ಸಿಗೂ ಹಿತ. ಪ್ರಾಜೆಕ್ಟಿಗೆ ಆ ಕ್ಷಣದಲ್ಲೇ ನಾನೇ ಮಂಜೂರಾತಿ ಕೊಟ್ಟುಕೊಂಡೆ. ಯಾರಿಗಾಗಿ ಕೊಳ್ಳುತ್ತಿದ್ದೇನೋ ಅವರನ್ನು ಒಂದು ಮಾತು ಕೇಳಲಿಲ್ಲ. ಆಫೀಸಿನಲ್ಲಿ ಯಾರಾದರೂ ಹೀಗೆ ಮಾಡಿದರೆ ನಾನೇ ಬೈಯುತ್ತೇನೆ.

ನನ್ನ ಹುಮ್ಮಸ್ಸಿಗೆ ತುಪ್ಪ ಸುರಿದದ್ದು ಜಕೂಝಿಯ ಕಥೆ. ನಾವು ಹೋಟೆಲಿನ ಐಷಾರಾಮದ ಹೆಸರು ಎಂದುಕೊಂಡಿರುವ ಜಕೂಝಿ ನಿಜಕ್ಕೂ ಒಂದು ಮನೆತನದ ಹೆಸರು. ಇಟಲಿಯಿಂದ ಅಮೆರಿಕಕ್ಕೆ ವಲಸೆ ಹೋದ ಏಳು ಜನ ಅಣ್ಣತಮ್ಮಂದಿರು. ಮೊದಲು ವಿಮಾನದ ಪ್ರೊಪೆಲರ್ ಮಾಡಿದರು, ಆಮೇಲೆ ಬಾವಿಗೆ ಇಳಿಸುವ ಪಂಪು. ಕೊನೆಯ ತಮ್ಮ ಕ್ಯಾಂಡಿಡೊನ ಮಗ ಕೆನೆತ್‌ಗೆ ಎಳೆಯ ವಯಸ್ಸಿನಲ್ಲೇ ಸಂಧಿವಾತ. ಆಸ್ಪತ್ರೆಯಲ್ಲಿ ಸುಳಿನೀರಿನ ಚಿಕಿತ್ಸೆ ಕೊಡಿಸಿದಾಗ ಮಗುವಿಗೆ ಹಿತವಾಗುತ್ತಿತ್ತು. ಅದನ್ನು ಮನೆಯಲ್ಲೇ ಮಾಡಿಕೊಡಲು ಅಪ್ಪ ಬಾತ್‌ಟಬ್ಬಿನೊಳಗೆ ಇಳಿಬಿಡುವ ಪಂಪೊಂದನ್ನು ತಯಾರಿಸಿದ. ಅದು 1956ರಲ್ಲಿ ಮಾರಾಟಕ್ಕೆ ಬಂತು. ಜೆಟ್ಟುಗಳನ್ನು ಟಬ್ಬಿನ ಗೋಡೆಗೇ ಕೂರಿಸಿ 1968ರಲ್ಲಿ ಹೊರತಂದವನು ಅದೇ ಮನೆಯ ಮುಂದಿನ ತಲೆಮಾರಿನ ರಾಯ್. ಊರು ಬಿಟ್ಟು ಹೋದ ಒಬ್ಬ ಅಪ್ಪ ಮಗನ ಕೀಲು ನೋವಿಗೆ ಮಾಡಿದ್ದನ್ನು, ಊರು ಬಿಟ್ಟು ಬಂದ ಒಬ್ಬ ಮಗ ಅಪ್ಪನ ಕೀಲು ನೋವಿಗೆ ಕೊಳ್ಳುವುದು. ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದು ರಾತ್ರಿ ಎರಡು ಗಂಟೆಗೆ ನನಗೆ ನಾನೇ ಹೇಳಿಕೊಂಡೆ. ರಾತ್ರಿ ಎರಡು ಗಂಟೆಗೆ ಹೊಳೆದದ್ದನ್ನು ನಂಬಬಾರದು.

ಒಟ್ಟು ಏಳು ಜನ ಮಾರಾಟಗಾರರ ಹತ್ತಿರ ಮಾತಾಡಿದೆ. ಚಟ ನೋಡಿ, ಎಕ್ಸೆಲ್ ಶೀಟು ಮಾಡಿದೆ. ಸಾಲಿಗೊಬ್ಬ ಮಾರಾಟಗಾರ. ಅಳತೆ, ಎಷ್ಟು ಲೀಟರು, ಹೀಟರ್ ಎಷ್ಟು ಕಿಲೋವ್ಯಾಟ್, ವಾರಂಟಿ, ರಿಪೇರಿಗೆ ಬರುವವರು ಯಾರು, ಎಲ್ಲಕ್ಕೂ ಒಂದೊಂದು ಕಾಲಮ್. ಬೆಲೆಯ ಕಾಲಮ್ ಮಾತ್ರ ಒಂದು ದಿನವೂ ನಿಂತಲ್ಲಿ ನಿಲ್ಲಲಿಲ್ಲ. ಬಾಣೇರ್ ರಸ್ತೆಯವರು ಐದು ಜನ ಕೂರುವ ಟಬ್ಬಿಗೆ ಆರು ಲಕ್ಷ ಎಂಬತ್ತು ಸಾವಿರ ಅಂದರು, ತೆರಿಗೆ ಬೇರೆ. ನಾನು ‘ಯೋಚನೆ ಮಾಡ್ತೀನಿ’ ಎಂದು ಮೆಟ್ಟಿಲಿಳಿಯುವುದರೊಳಗೆ ಆರು ಇಪ್ಪತ್ತು. ಮನೆ ಮುಟ್ಟುವಾಗ ಫೋನು ಬಂತು, ಐದು ಅರವತ್ತು, ‘ಮ್ಯಾನೇಜರ್ ಹತ್ತಿರ ಜಗಳ ಮಾಡಿ ಕೊಡಿಸಿದ್ದು ಸರ್, ಇವತ್ತು ಸಂಜೆವರೆಗೆ ಮಾತ್ರ’. ಒಂದು ಲಕ್ಷ ಇಪ್ಪತ್ತು ಸಾವಿರ ಒಂದೇ ಮಧ್ಯಾಹ್ನದಲ್ಲಿ ಇಳಿದರೆ ಸಂತೋಷಕ್ಕಿಂತ ಹೆಚ್ಚು ಅನುಮಾನವಾಗುತ್ತದೆ.

ಇನ್ನೊಬ್ಬ ಬರೀ ಜೆಟ್ಟು ಎಣಿಸುತ್ತಿದ್ದ. ‘ಅವರದ್ದು ಮೂವತ್ತೆರಡು, ನಮ್ಮದು ಅರವತ್ನಾಲ್ಕು.’ ಆಮೇಲೆ ತಿಳಿಯಿತು, ಬರೀ ಗಾಳಿಯ ಗುಳ್ಳೆ ಬಿಡುವ ತೂತುಗಳನ್ನೂ ಲೆಕ್ಕಕ್ಕೆ ಸೇರಿಸಿದ್ದ. ಪಂಪು ಅದೇ ಇದ್ದು ತೂತು ಮಾತ್ರ ಹೆಚ್ಚಾದರೆ ಪ್ರತಿ ತೂತಿನಿಂದ ಬರುವ ರಭಸ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚಾಗುವುದಿಲ್ಲ. ಹೊಲಕ್ಕೆ ಪೈಪು ಬಿಟ್ಟ ಯಾರನ್ನು ಕೇಳಿದರೂ ಹೇಳುತ್ತಾರೆ. ರಿಪೇರಿಯ ವಿಷಯ ಎತ್ತಿದರೆ ಪುಣೆಯ ಅಂಗಡಿಯವರು ‘ನಮ್ಮ ಟೆಕ್ನೀಷಿಯನ್ ಮುಂಬೈಯಿಂದ ಬರ್ತಾನೆ’ ಅಂದರು. ಮುಂಬೈಯವರು ‘ಪುಣೆಯಿಂದ ಬರ್ತಾನೆ’ ಅಂದರು. ಇಬ್ಬರೂ ಎಕ್ಸ್‌ಪ್ರೆಸ್‌ವೇಯಲ್ಲಿ ಲೋಣಾವಳದ ಹತ್ತಿರ ಎಲ್ಲೋ ಎದುರುಬದುರಾಗುತ್ತಿರಬೇಕು. ನಗುವುದಕ್ಕೆ ನನಗೇನೂ ಹಕ್ಕಿಲ್ಲ. ಇಲ್ಲದ ಫೀಚರಿಗೆ ‘ಮುಂದಿನ ಕ್ವಾರ್ಟರ್‌ನಲ್ಲಿ ಬರುತ್ತೆ’ ಎಂದು ನಮ್ಮ ಕಂಪನಿಯವರು ಹೇಳುವಾಗ ನಾನು ಅದೇ ಮೀಟಿಂಗಿನಲ್ಲಿ ಗಂಭೀರವಾಗಿ ತಲೆಯಾಡಿಸುತ್ತ ಕೂತಿರುತ್ತೇನೆ.

ಹೊಸದರ ಬೆಲೆ ನೋಡಿ ಹೆಂಡತಿ ಹಳೆಯದನ್ನು ಹುಡುಕು ಅಂದಳು. ಹಳೆಯ ಸಾಮಾನು ಮಾರುವ ಆ್ಯಪಿನಲ್ಲಿ ಒಂದು ಸಿಕ್ಕಿತು. ಮುಳಶಿಯ ಹತ್ತಿರ ಬಾಡಿಗೆಗೆ ಕೊಡುವ ಒಂದು ಬಂಗಲೆ, ‘ಎರಡೇ ವರ್ಷ ಬಳಸಿದ್ದು, ಹೊಸದರ ಹಾಗಿದೆ’, ಒಂದು ಲಕ್ಷ ನಲವತ್ತು ಸಾವಿರ. ಭಾನುವಾರ ಬೆಳಗ್ಗೆ ಅಪ್ಪನನ್ನೂ ಕೂರಿಸಿಕೊಂಡು ಹೊರಟೆ. ಚಾಂದಣಿ ಚೌಕ ದಾಟಿ ಭೂಗಾವ್, ಪಿರಂಗುಟ್, ಪೌಡ್. ಪೌಡ್ ಕಳೆದ ಮೇಲೆ ರಸ್ತೆ ಮಲೆನಾಡಿನ ನೆನಪು ತರುತ್ತದೆ, ಮಳೆಗಾಲ ಮುಗಿದು ಸ್ವಲ್ಪ ದಿನವಾಗಿದ್ದರೆ ಇನ್ನೂ ಹೆಚ್ಚು. ಪುಣೆಯ ಕನ್ನಡಿಗರಲ್ಲಿ ಅರ್ಧಕ್ಕರ್ಧ ಜನ ವರ್ಷಕ್ಕೊಮ್ಮೆ ಮುಳಶಿಗೆ ಹೋಗಿ ‘ಥೇಟ್ ನಮ್ಮೂರ ಹಾಗೇ’ ಅಂದು ಬಜ್ಜಿ ತಿಂದು ವಾಪಸು ಬರುತ್ತೇವೆ.

ಕೆರೆಯಂತೆ ಹರಡಿದ ಹಿನ್ನೀರು ಕಂಡ ಕೂಡಲೇ ಅಪ್ಪ ಕಾರು ನಿಲ್ಲಿಸು ಅಂದರು. ಇಳಿದು ಬೇಲಿಯ ಕಲ್ಲುಕಂಬ ಹಿಡಿದು ನಿಂತರು.

‘ಇದು ಎಂತದು? ಡ್ಯಾಮಾ?’

ಹೌದು ಅಂದೆ. ಮುಂಬೈಗೆ ಕರೆಂಟು ಕೊಡಲು ಟಾಟಾ ಕಂಪನಿ 1920ರ ದಶಕದಲ್ಲಿ ಕಟ್ಟಿದ್ದು. ಜಮೀನು ಕಳೆದುಕೊಳ್ಳುವ ರೈತರು 1921ರಲ್ಲಿ ಸತ್ಯಾಗ್ರಹ ಮಾಡಿದ್ದರು, ಅದರ ಮುಂದಾಳಾಗಿದ್ದ ಬಾಪಟ್ ಅವರಿಗೆ ಸೇನಾಪತಿ ಎಂಬ ಹೆಸರು ಬಂದದ್ದೇ ಆಗ. ನನಗೆ ಗೊತ್ತಿದ್ದಷ್ಟು ಹೇಳಿದೆ.

‘ಹಂಗಾರೆ ಇದರ ಅಡಿಗೂ ಊರು ಉಂಟು’ ಅಂದರು.

ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಮ್ಮ ಮನೆಯವರು ಮುಳುಗಡೆಯ ಊರಿನಿಂದ ಎದ್ದು ಬಂದವರು ಎಂದು ನನಗೆ ಚಿಕ್ಕಂದಿನಿಂದ ಗೊತ್ತು. ಆದರೆ ಗಾಡಿಗೆ ಸಾಮಾನು ಹೇರಿದ ಕಥೆಯನ್ನು ಅಪ್ಪ ಹೇಳಿದ್ದು ಅವತ್ತೇ ಮೊದಲು. ಅವರಿಗೆ ಆಗ ಹದಿನೈದು ವರ್ಷ. ಪೆಟ್ಟಿಗೆ, ಪಾತ್ರೆ, ಬಾಗಿಲು, ಬಾಗಿಲವಾಡ, ಹಂಚು, ಒಂದೊಂದೇ ಹೋಯಿತಂತೆ. ಕೊನೆಯ ಗಾಡಿಗೆ ಹಾಕಿದ್ದು ಬಚ್ಚಲ ಹಂಡೆ.

‘ಕೊನೇ ದಿನದವರೆಗೂ ಮೀಯಬೇಕಲ್ಲ ಮಾರಾಯ. ಮಾಡು ತೆಗೆದಾಗಿತ್ತು, ಗೋಡೆ ಮಾತ್ರ. ಬೆಳಿಗ್ಗೆ ಆಕಾಶ ನೋಡ್ತಾ ಎಲ್ಲರೂ ಮಿಂದ್ವು. ಹಂಡೆ ಆರಲಿಕ್ಕೆ ಬಿಟ್ಟು, ಒಲೆಯಿಂದ ಕಿತ್ತು, ಗಾಡಿಗೆ ಹಾಕಿದ್ವು. ಬೂದಿ ಬಿಸಿ ಇತ್ತು ಇನ್ನೂ.’

ನಾನು ಏನೂ ಹೇಳಲಿಲ್ಲ. ಹೊರಡೋಣ್ವಾ ಅಂದೆ.

ಬಂಗಲೆಯ ಮಾಲೀಕರು ಅಲ್ಲಿರಲಿಲ್ಲ. ಫೋನಿನಲ್ಲೇ ದಾರಿ ಹೇಳಿ, ವಾಚ್‌ಮನ್ ತೋರಿಸ್ತಾನೆ ಅಂದರು. ಟಬ್ಬು ಹಿತ್ತಲಲ್ಲಿ, ಹುಲ್ಲಿನ ನಡುವೆ ಒಂದು ಕಾಂಕ್ರೀಟ್ ಕಟ್ಟೆಯ ಮೇಲಿತ್ತು. ಮುಚ್ಚಳ ಎತ್ತಿದರೆ ಅಡಿಯಲ್ಲಿ ಗೇಣು ಹಸಿರು ನೀರು. ನಾನು ಟಾರ್ಚು ಹಿಡಿದು ಹೀಟರಿನ ಪೆಟ್ಟಿಗೆ ನೋಡುವಾಗ ಅಪ್ಪ ಟಬ್ಬಿನ ಪಕ್ಕ ಬಂದು ನಿಂತರು. ಅದರ ಅಂಚು ಅವರ ಸೊಂಟದ ಹತ್ತಿರ ಬರುತ್ತಿತ್ತು.

‘ಇದಕ್ಕೆ ಹತ್ತುವುದು ಹೆಂಗೆ?’ ಅಂದರು.

‘ಮೆಟ್ಟಿಲು ಕೊಡ್ತಾರೆ ಅಪ್ಪ, ಎರಡೇ ಮೆಟ್ಟಿಲು.’

‘ಹತ್ತಿದ ಮೇಲೆ ಇಳಿಯಲಿಕ್ಕೆ?’

ಅದಕ್ಕೂ ಏನೋ ಹೇಳಿದೆ. ಕನ್ನಡ ಕಿವಿಗೆ ಬಿದ್ದು ವಾಚ್‌ಮನ್ನಿನ ಮುಖ ಅರಳಿತು. ‘ಕನ್ನಡದವ್ರೇನ್ರೀ ಸಾಹೇಬ್ರ? ನಾ ಯಾದಗಿರಿ ಕಡಿಯಾಂವ್ರಿ.’ ಹೆಂಡತಿ, ಎರಡು ಮಕ್ಕಳ ಜೊತೆ ಅದೇ ಬಂಗಲೆಯ ಹಿಂದಿನ ಖೋಲಿಯಲ್ಲಿ ಇರುತ್ತಾನಂತೆ. ಮೊದಲು ಬಿಲ್ಡಿಂಗ್ ಕೆಲಸಕ್ಕೆ ಬಂದವನು. ಅಪ್ಪನಿಗೆ ಒಂದು ಕುರ್ಚಿ ತಂದು ನೆರಳಿಗೆ ಹಾಕಿದ, ಚಹಾ ಮಾಡಿಸಿದ. ನಾನು ಲೋಟ ವಾಪಸು ಕೊಡುವಾಗ ದನಿ ತಗ್ಗಿಸಿದ.

‘ತಗೋಬ್ಯಾಡ್ರಿ ಇದನ್ನ. ಎರಡ್ ವರ್ಷಲ್ರಿ, ಆರ್ ವರ್ಷ ಆತು. ಮೋಟಾರ್ ಎರಡ್ ಸಲ ಸುಟ್ಟದ. ಮಳಿಗಾಲದಾಗ ಇಲಿ ಒಳಗ ಹೊಕ್ಕು ವೈರ್ ಎಲ್ಲಾ ಕಡದಾವ. ಮನ್ನೆ ಒಬ್ರು ಬಂದಿದ್ರು, ಅವ್ರಿಗಿ ನಾ ಏನೂ ಹೇಳಿಲ್ರಿ. ನೀವು ನಮ್ಮವ್ರು, ಮುದುಕಪ್ಪನ್ನ ಕರ್ಕೊಂಡು ಬಂದೀರಿ.’

ಏಳು ಮಾರಾಟಗಾರರಲ್ಲಿ ಒಬ್ಬರೂ ಹೇಳದ ಮಾತನ್ನು, ಮಾರಿದರೂ ಮಾರದಿದ್ದರೂ ಒಂದು ರೂಪಾಯಿ ಲಾಭವಿಲ್ಲದವನು ಹೇಳಿದ. ಮಾಲೀಕರಿಗೆ ‘ಸೈಜು ಸರಿಹೋಗ್ಲಿಲ್ಲ’ ಎಂದು ಮೆಸೇಜು ಹಾಕಿದೆ.

ಇಷ್ಟಾದ ಮೇಲಾದರೂ ನಾನು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಹಳೆಯದರ ಸಹವಾಸವೇ ಬೇಡ, ಹೊಸದೇ ಸರಿ ಎಂದು ಆ ವಾರವೇ ಬಾಣೇರ್ ರಸ್ತೆಗೆ ಹೋಗಿ, ಚಿಕ್ಕದೊಂದು ಮೂರು ಜನರ ಟಬ್ಬಿಗೆ ಇಪ್ಪತ್ತೈದು ಸಾವಿರ ಮುಂಗಡ ಕೊಟ್ಟೆ. ಹತ್ತುವುದು ಹೇಗೆ ಎಂಬ ಅಪ್ಪನ ಪ್ರಶ್ನೆ ಎಕ್ಸೆಲ್ ಶೀಟಿನಲ್ಲಿ ಯಾವ ಕಾಲಮ್ಮಿನಲ್ಲೂ ಇರಲಿಲ್ಲ, ಅದಕ್ಕೇ ನನಗೆ ಕೇಳಿಸಿರಲಿಲ್ಲ ಎಂದು ಕಾಣುತ್ತದೆ.

ತಡೆದದ್ದು ನಮ್ಮ ಸೊಸೈಟಿಯ ಕಮಿಟಿ. ಕ್ರೇನಿನಲ್ಲಿ ಏಳನೇ ಮಹಡಿಗೆ ಎತ್ತಿಸುವ ವಸ್ತುವಾದ್ದರಿಂದ ಸ್ಟ್ರಕ್ಚರಲ್ ಇಂಜಿನಿಯರ್ ಪತ್ರ ತನ್ನಿ ಅಂದರು. ಬೈದುಕೊಂಡೇ ಒಬ್ಬರನ್ನು ಕರೆಸಿದೆ. ಅವರು ಟೆರೇಸಿಗೆ ಬಂದು, ಟೇಪು ಹಿಡಿಯುವ ಮೊದಲೇ, ‘ನೀರು ಎಷ್ಟು ಆಳ?’ ಎಂದು ಕೇಳಿದರು. ಮುಕ್ಕಾಲು ಮೀಟರು ಅಂದೆ. ಕಾಗದದ ಮೇಲೆ ಎರಡೇ ಸಾಲು ಬರೆದರು. ನಮ್ಮ ದೇಶದ ಐಎಸ್ 875 ಕೋಡಿನ ಎರಡನೇ ಭಾಗದ ಪ್ರಕಾರ, ಜನ ಓಡಾಡುವ ಟೆರೇಸಿನ ಚಾವಣಿಯನ್ನು ಚದರ ಮೀಟರಿಗೆ ಸುಮಾರು 150 ಕಿಲೋ ಹೊರೆಗೆ ಲೆಕ್ಕ ಹಾಕಿ ಕಟ್ಟುತ್ತಾರೆ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ಮುಕ್ಕಾಲು ಮೀಟರು ಆಳ ಇರುವ ಕಡೆ ಬರೀ ನೀರೇ ಚದರ ಮೀಟರಿಗೆ 750 ಕಿಲೋ. ಕೂರುವ ಆಸನಗಳ ಜಾಗ ಕಳೆದು, ಇಡೀ ಟಬ್ಬಿಗೆ ಹಂಚಿದರೂ ಕೋಡಿನ ಲೆಕ್ಕದ ಎರಡರಷ್ಟನ್ನು ದಾಟುತ್ತದೆ. ಚಿಕ್ಕ ಟಬ್ಬು ತಂದರೂ ಅಷ್ಟೇ, ಅಗಲ ಕಡಿಮೆಯಾದರೆ ಭಾರ ಬೀಳುವ ಜಾಗವೂ ಕಡಿಮೆ. ಕೆಳಗಿನ ಫ್ಲಾಟಿನಲ್ಲಿ ಯಾರಿದ್ದಾರೆ ಎಂದು ಕೇಳಿದರು. ಒಂದು ಮಗು ಇರುವ ಸಂಸಾರ ಅಂದೆ. ಪೆನ್ನಿನ ಮುಚ್ಚಳ ಹಾಕಿದರು.

‘ಸರ್, ಭಾರ ಹಂಚಿ ಹೋಗುತ್ತೆ, ಏನೂ ಆಗಲ್ಲ’ ಎಂದು ಷೋರೂಮಿನವನು ಹೇಳಿದ್ದು ನೆನಪಾಗಿ ಬೆನ್ನು ತಣ್ಣಗಾಯಿತು. ಆಮೇಲೆ ಕೂತು ಉಳಿದ ಲೆಕ್ಕವನ್ನೂ ಹಾಕಿದೆ, ಮೊದಲೇ ಹಾಕಬೇಕಾಗಿದ್ದ ಲೆಕ್ಕ. ಐದು ಜನರ ಟಬ್ಬಿನ ಸಾವಿರ ಲೀಟರ್ ನೀರನ್ನು 25 ಡಿಗ್ರಿಯಿಂದ 38 ಡಿಗ್ರಿಗೆ ತರಲು ಸುಮಾರು 15 ಯೂನಿಟ್ ಕರೆಂಟು ಬೇಕು, ಮೂರು ಕಿಲೋವ್ಯಾಟ್ ಹೀಟರ್ ಐದು ಗಂಟೆ ಉರಿಯಬೇಕು. ನೀರನ್ನು ಕ್ಲೋರಿನ್ ಹಾಕಿ ಕಾಯಬೇಕು, ಕೆಲವು ತಿಂಗಳಿಗೊಮ್ಮೆ ಪೂರ್ತಿ ಬದಲಿಸಬೇಕು. ಬೇಸಿಗೆಯಲ್ಲಿ ನಮ್ಮ ಸೊಸೈಟಿ ಟ್ಯಾಂಕರಿನ ನೀರು ಕುಡಿಯುತ್ತದೆ. ಜೊತೆಗೆ ಅಪ್ಪ ಬಿಪಿ ಮಾತ್ರೆ ನುಂಗುವವರು. ಬಿಸಿನೀರಿನಲ್ಲಿ ಹೆಚ್ಚು ಹೊತ್ತು ಮುಳುಗಿ ಕೂತರೆ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ, ಥಟ್ಟನೆ ಎದ್ದರೆ ತಲೆ ಸುತ್ತುತ್ತದೆ. ಅಂಥ ಹೊತ್ತಿನಲ್ಲಿ ಸೊಂಟದೆತ್ತರದ ಗೋಡೆ ದಾಟಿ ಇಳಿಯಬೇಕು. ‘ಹತ್ತಿದ ಮೇಲೆ ಇಳಿಯಲಿಕ್ಕೆ?’

ಮುಂಗಡ ವಾಪಸು ಬರಲಿಲ್ಲ. ಕೊಡುವಾಗ ‘ರಿಫಂಡೆಬಲ್’ ಅಂದಿದ್ದವರು ಕೇಳುವಾಗ ರಸೀದಿಯ ಹಿಂಬದಿಯ ಸಣ್ಣ ಅಕ್ಷರ ತೋರಿಸಿದರು. ಮೂರು ಸಲ ಹೋಗಿ ಬಂದ ಮೇಲೆ ಅಷ್ಟೇ ಮೊತ್ತಕ್ಕೆ ಅವರ ಅಂಗಡಿಯದೇ ಸಾಮಾನು ಕೊಳ್ಳಲು ಒಪ್ಪಿದರು. ಗೋಡೆಗೆ ಹಾಕುವ ಸ್ಟೀಲಿನ ಹಿಡಿಗಳು ನಾಲ್ಕು, ಜಾರದ ಚಾಪೆ, ಕೂತು ಸ್ನಾನ ಮಾಡುವ ಗಟ್ಟಿ ಸ್ಟೂಲು ತಂದೆ. ನಿಮ್ಮ ಮನೆಯಲ್ಲಿ ವಯಸ್ಸಾದವರಿದ್ದರೆ ಮುಂಗಡ ಕಳೆದುಕೊಳ್ಳದೆಯೇ ಇವನ್ನು ತಂದು ಹಾಕಿಸಿ. ಹಿಡಿಯನ್ನು ಟೈಲ್ಸಿಗೆ ಗಮ್ಮಿನಲ್ಲಿ ಅಂಟಿಸಬೇಡಿ, ಗೋಡೆಗೆ ಡ್ರಿಲ್ ಹೊಡೆಸಿ.

ಕಸಬಾ ಪೇಠಿಗೆ ಹೋದದ್ದು ಟಬ್ಬಿನ ಸಲುವಾಗಿ ಅಲ್ಲ. ಅಪ್ಪನಿಗೆ ಕಸಬಾ ಗಣಪತಿ ನೋಡಬೇಕಿತ್ತು. ಪುಣೆಯ ಗ್ರಾಮದೇವತೆ, ವಿಸರ್ಜನೆಯ ಮೆರವಣಿಗೆಯಲ್ಲಿ ಮೊದಲ ಸ್ಥಾನ ಈ ಗಣಪತಿಗೆ. ದರ್ಶನ ಮುಗಿಸಿ ಹೊರಬಂದು ಆ ಹಳೆಯ ಪೇಠಿನ ಓಣಿಗಳಲ್ಲಿ ನಿಧಾನಕ್ಕೆ ನಡೆಯುತ್ತಿದ್ದೆವು. ಒಂದು ಕಡೆ ಅಪ್ಪ ನಿಂತು ಕಿವಿಗೊಟ್ಟರು. ಟಣ್ ಟಣ್ ಟಣ್. ಒಂದಲ್ಲ, ಐದಾರು ಸುತ್ತಿಗೆ.

ತಾಂಬಟ್ ಆಳಿ. ತಾಮ್ರ ಬಡಿಯುವವರ ಓಣಿ. ಪೇಶ್ವೆಗಳ ಕಾಲದಿಂದ ಇಲ್ಲಿದ್ದಾರೆ. ನಮ್ಮ ಕುಟ್ರು ಹಕ್ಕಿಯ ಜಾತಿಯ ಒಂದು ಪುಟ್ಟ ಹಕ್ಕಿ ಬೇಸಿಗೆಯಲ್ಲಿ ಟುಕ್ ಟುಕ್ ಎಂದು ಕೂಗುತ್ತಲೇ ಇರುತ್ತದಲ್ಲ, ಅದಕ್ಕೂ ಮರಾಠಿಯಲ್ಲಿ ತಾಂಬಟ್ ಎಂದೇ ಹೆಸರು. ಬಾಗಿಲು ತೆರೆದಿಟ್ಟ ಕತ್ತಲೆಯ ಕೋಣೆಗಳಲ್ಲಿ ಕಬ್ಬಿಣದ ಕೋಲಿನ ತಲೆಗೆ ಪಾತ್ರೆ ಆನಿಸಿ, ಸುತ್ತಿಗೆಯಿಂದ ಸಾಲಾಗಿ ಪೆಟ್ಟು ಕೊಡುತ್ತ ಕೂತಿದ್ದರು. ಒಂದೊಂದು ಪೆಟ್ಟಿಗೂ ಒಂದು ಹೊಳೆಯುವ ಗುಳಿ. ಮಠಾರ್ ಕೆಲಸ ಎನ್ನುತ್ತಾರೆ ಇದಕ್ಕೆ. ಚೆಂದಕ್ಕಷ್ಟೇ ಅಲ್ಲ, ಬಡಿದಷ್ಟೂ ತಾಮ್ರದ ತಗಡು ಗಟ್ಟಿಯಾಗುತ್ತದೆ.

ಒಂದು ಅಂಗಡಿಯ ಮುಂದೆ ಬಂಬ್ ಇತ್ತು. ಪುಣೆಯ ಹಳೆಯ ವಾಡೆಗಳ ಬಿಸಿನೀರಿನ ಯಂತ್ರ. ನೀರಿನ ಪಾತ್ರೆಯ ನಟ್ಟನಡುವೆ ಕೊಳವೆ, ಕೊಳವೆಯೊಳಗೆ ಇದ್ದಿಲು ಅಥವಾ ಕಟ್ಟಿಗೆಯ ಬೆಂಕಿ, ಕೆಳಗೆ ನಲ್ಲಿ. ಬೆಂಕಿ ಹೊರಗಿಲ್ಲ, ನೀರಿನ ಹೊಟ್ಟೆಯಲ್ಲೇ ಇದೆ, ಶಾಖ ವ್ಯರ್ಥವಾಗುವುದಿಲ್ಲ. ನನ್ನ ತಲೆ ಮತ್ತೆ ಓಡತೊಡಗಿತು. ಬೆಲೆ ಕೇಳಿದೆ. ಅರವತ್ತರ ಹತ್ತಿರದ ಯಜಮಾನರು ಸುತ್ತಿಗೆ ಕೆಳಗಿಡದೆಯೇ ಕೇಳಿದರು, ‘ಎಲ್ಲಿರ್ತೀರಿ?’

‘ಪಿಂಪಳೆ ಸೌದಾಗರ್. ಫ್ಲಾಟು.’

‘ಎಲ್ಲಿ ಉರಿಸ್ತೀರಿ ಹಾಗಾದರೆ?’

ನನ್ನ ಹತ್ತಿರ ಉತ್ತರವಿರಲಿಲ್ಲ. ‘ಫ್ಲಾಟಿನವರು ಒಯ್ದು ಡ್ರಾಯಿಂಗ್ ರೂಮಿನಲ್ಲಿ ಇಡ್ತಾರೆ, ಮೇಲೆ ಲೈಟು ಹಾಕ್ತಾರೆ. ಇಡೋದಾದರೆ ಕೊಡ್ತೀನಿ. ಸ್ನಾನಕ್ಕಾದರೆ ಬೇಡ’ ಅಂದರು. ಎಂಟನೇ ಮಾರಾಟಗಾರ.

ಅಷ್ಟರಲ್ಲಿ ಅಪ್ಪ ಒಳಗೆ ಹೋಗಿ ಒಂದು ಹಂಡೆಯ ಮುಂದೆ ನಿಂತಿದ್ದರು. ದೊಡ್ಡದೇನಲ್ಲ, ನಲವತ್ತು ಲೀಟರಿನದು. ಬೆರಳಿನ ಗಂಟಿನಿಂದ ಹೊಟ್ಟೆಗೊಮ್ಮೆ, ಕುತ್ತಿಗೆಗೊಮ್ಮೆ, ತಳಕ್ಕೊಮ್ಮೆ ತಟ್ಟಿ ಸದ್ದು ಕೇಳಿದರು. ತಳದ ಸದ್ದು ಬೇರೆ ಬಂತೆಂದು ಇನ್ನೊಂದನ್ನು ತೆಗೆಸಿದರು. ಮರಾಠಿ ಬಾರದ ಅಪ್ಪ, ಕನ್ನಡ ಬಾರದ ಯಜಮಾನರು. ಆದರೂ ತಗಡಿನ ದಪ್ಪ, ಬೆಸುಗೆ, ಕಂಠದ ಮಡಿಕೆ, ಎಲ್ಲ ಮಾತೂ ಕೈಯಲ್ಲೇ ಆಯಿತು. ನನ್ನ ಎಕ್ಸೆಲ್ ಶೀಟಿನಲ್ಲಿ ಇಷ್ಟು ಸರಿಯಾದ ತಪಾಸಣೆ ಒಂದೂ ಇರಲಿಲ್ಲ. ತೂಕಕ್ಕೆ ಹಾಕಿದರು. ಏಳು ಕಿಲೋ ಚಿಲ್ಲರೆ, ಎಂಟೂವರೆ ಸಾವಿರದ ಆಸುಪಾಸು.

‘ಹಳೇದು ಏನಾದರೂ ಇದೆಯಾ? ಇದ್ದರೆ ತನ್ನಿ, ತೂಕಕ್ಕೆ ಹಿಡಿದು ಇದರಲ್ಲಿ ಕಳೀತೀನಿ’ ಅಂದರು ಯಜಮಾನರು. ಅಪ್ಪ ನನ್ನ ಮುಖ ನೋಡಿದರು, ಏನಂತೆ ಎಂದು. ಹೇಳಿದೆ.

‘ಇತ್ತು ಅಂತ ಹೇಳು’ ಅಂದರು ಅಪ್ಪ.

ಊರ ಮನೆಯ ಬಚ್ಚಲನ್ನು 2012ರಲ್ಲಿ ಹೊಸದು ಮಾಡಿಸಿದ್ದು ನಾನು. ಮದುವೆ ನಿಶ್ಚಯವಾಗಿತ್ತು, ಪುಣೆಯ ಕಡೆಯ ನೆಂಟರು ಬರುವವರಿದ್ದರು. ಹೊಗೆ ಹಿಡಿದ ಗೋಡೆಗೆ ಟೈಲ್ಸ್, ಒಲೆ ಇದ್ದಲ್ಲಿ ಕಮೋಡು, ಮೇಲೆ ಗೀಸರು. ಹಂಡೆಯನ್ನು ಗುಜರಿಯವನು ಅಂಗಳದಲ್ಲೇ ತೂಗಿ ಆರೂವರೆ ಸಾವಿರ ಕೊಟ್ಟ. ಚೌಕಾಸಿ ಮಾಡಿ ಐನೂರು ಹೆಚ್ಚು ತೆಗೆದುಕೊಂಡೆ ಎಂದು ನನಗೆ ಹೆಮ್ಮೆ. ಅಮ್ಮ ಒಳಗೆ ಹೋದಳು. ಅಪ್ಪ ಗುಜರಿಯವನಿಗೆ ಹಂಡೆಯನ್ನು ಗಾಡಿಗೆ ಹತ್ತಿಸಲು ಒಂದು ಕೈ ಹಿಡಿದರು. ಅದು ಎಲ್ಲಿಂದ ಬಂದ ಹಂಡೆ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊನೆಯ ಗಾಡಿಗೆ ಹಾಕಿದ್ದು ಅದನ್ನೇ ಎಂದು ಮುಳಶಿಯಲ್ಲಿ ಅಪ್ಪ ಬಾಯಿ ಬಿಡುವವರೆಗೆ ನನಗೆ ಗೊತ್ತಿರಲಿಲ್ಲ.

ತಾಂಬಟ್ ಆಳಿಯ ಆ ಅಂಗಡಿಯಲ್ಲಿ ನಾನು ಚೌಕಾಸಿ ಮಾಡಲಿಲ್ಲ. ಅಪ್ಪ ಮಾಡಿದರು. ಮುನ್ನೂರು ರೂಪಾಯಿ ಇಳಿಸಿ, ಒಂದು ತಾಮ್ರದ ತಂಬಿಗೆಯನ್ನೂ ಸೇರಿಸಿಕೊಂಡರು.

ಈಗ ಹಂಡೆ ನಮ್ಮ ಬಾತ್‌ರೂಮಿನ ಮೂಲೆಯಲ್ಲಿದೆ. ಗೀಸರಿನ ಹದಿನೈದು ಲೀಟರ್ ಸುಡುನೀರಿಗೆ ಇಪ್ಪತ್ತೈದು ಲೀಟರ್ ತಣ್ಣೀರು ಬೆರೆಸಿದರೆ ಹಂಡೆ ತುಂಬ ಹದವಾದ ನೀರು, ಲೆಕ್ಕ ಸರಿಯಾಗಿ ಕೂರುತ್ತದೆ. ಬೆಂಕಿ ಇಲ್ಲದ ಹಂಡೆ ತಾಮ್ರದ್ದಾದರೂ ಸ್ಟೀಲಿನದ್ದಾದರೂ ನೀರಿನ ಬಿಸಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂಬುದನ್ನು ಅಪ್ಪನಿಗೆ ಹೇಳಿಲ್ಲ. ಮಗಳು ‘ಅಜ್ಜನ ಜಕೂಝಿ’ ಎನ್ನುತ್ತಾಳೆ.

ಶನಿವಾರ ಎಣ್ಣೆ ಸ್ನಾನ. ಊರಲ್ಲಿ ಅಪ್ಪನ ಬೆನ್ನಿಗೆ ನೀರು ಹುಯ್ಯುತ್ತಿದ್ದದ್ದು ಅಮ್ಮ. ಮೊದಲ ಶನಿವಾರ ಬಾಗಿಲ ಹೊರಗೆ ನಿಂತು ಬಹಳ ಹೊತ್ತು ಯೋಚಿಸಿ, ‘ನಾನು ಹುಯ್ಲಾ?’ ಅಂದೆ. ಚಿಲಕ ತೆಗೆದ ಸದ್ದಾಯಿತು. ಅಪ್ಪ ಸ್ಟೂಲಿನ ಮೇಲೆ ಗೋಡೆಯ ಹಿಡಿ ಹಿಡಿದು, ಬೆನ್ನು ಈ ಕಡೆ ಮಾಡಿ ಕೂತಿದ್ದರು. ಬೆನ್ನು ಇಷ್ಟು ಚಿಕ್ಕದಾಗಿದೆ ಎಂದು ಗೊತ್ತಿರಲಿಲ್ಲ. ತಂಬಿಗೆಯಲ್ಲಿ ಸ್ವಲ್ಪ ಸ್ವಲ್ಪವೇ ಹುಯ್ದೆ.

‘ಗಿಡಕ್ಕೆ ಹಾಕ್ತಾ ಇದೀಯಾ? ತುಂಬ ತಗೊಂಡು ಒಟ್ಟಿಗೇ ಹುಯ್ಯಿ.’

ಒಟ್ಟಿಗೇ ಹುಯ್ದೆ. ಹತ್ತು, ಹನ್ನೆರಡು, ಹದಿನೈದು ತಂಬಿಗೆ. ಫ್ಲಾಟಿನ ಬಾತ್‌ರೂಮಿನ ಜಾಲರಿ ಇಷ್ಟು ನೀರನ್ನು ಒಮ್ಮೆಲೇ ಕಂಡದ್ದಲ್ಲ. ಇಳಿಯಲಾರದೆ ನೀರು ಮೇಲೇರಿ ನಮ್ಮಿಬ್ಬರ ಪಾದ ಮುಳುಗಿತು, ಅಪ್ಪನ ಕಣಕಾಲಿಗೆ ಬಂತು.

‘ಪ್ಲಂಬರ್‌ಗೆ ಹೇಳಿ ದೊಡ್ಡ ಜಾಲರಿ ಹಾಕಿಸ್ತೀನಿ’ ಅಂದೆ.

ಅಪ್ಪ ನೀರಿನೊಳಗೆ ಕಾಲ್ಬೆರಳು ಆಡಿಸಿದರು. ‘ಇರ್ಲಿ ಬಿಡು ಮಾರಾಯ, ಬೆಚ್ಚಗಿದೆ. ಇನ್ನೆರಡು ತಂಬಿಗೆ ಹುಯ್ಯಿ.’